ಎಂಜಿನ್ನೂ ಉಸಿರಾಡಬೇಕು

ಮಾರ್ಚ್ 4

ಪ್ರೀತಿಯ ತಮ್ಮನಿಗೆ,

ಕಾರೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕಾರಿಗೆ ಹುಷಾರಿಲ್ಲ ಅಂತ ಅಕ್ಕನಿಗೆ ನನ್ನ ನೆನಪಾಯಿತೇ ಎಂದು ಮುಖ ಊದಿಸಬೇಡ. ನಿಮ್ಮ ದ್ವೀಪದ ದೋಣಿಕಟ್ಟೆಯ ಆಫೀಸಿಗೆ ಫೋನ್ ಮಾಡಿದರೆ ಅರ್ಧ ಮಾತು ಸಮುದ್ರದ ಗಾಳಿಗೆ ಹೋಗುತ್ತದೆ, ಇನ್ನರ್ಧ ಆ ಗುಮಾಸ್ತನ ಕಿವಿಗೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಳೇ ಪುಟ್ಟ ಕಾರು ನೆನಪಿದೆಯಲ್ಲ? ಅದರ ಎಂಜಿನ್ ಹೋದ ವರ್ಷ ಹಿಡಿದುಕೊಂಡು ನಿಂತೇಬಿಟ್ಟಿತು. ನಿನ್ನ ಭಾವ ಗುಜರಿಯವನ ಹತ್ತಿರ ಹೋಗಿ ಇನ್ನೊಂದು ಎಂಜಿನ್ ಹೊತ್ತುಕೊಂಡು ಬಂದರು. ಯಾವುದೋ ಓಟದ ಕಾರಿನದಂತೆ. ಹಿಂದಿನಿಂದ ಲಾರಿ ಗುದ್ದಿ ಕಾರು ಅಪ್ಪಚ್ಚಿಯಾಗಿ, ಎಂಜಿನ್ ಮಾತ್ರ ಬದುಕಿ ಉಳಿದಿತ್ತಂತೆ. "ರೋಟರಿ ಎಂಜಿನ್ ಕಣೇ ಇದು. ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ರೋಟರ್ ಗಿರಗಿರ ತಿರುಗುತ್ತೆ, ಅಷ್ಟೇ!" ಅಂತ ಮಗು ಹುಟ್ಟಿದವರ ಹಾಗೆ ಕುಣಿದರು. ಚಳಿಗಾಲ ಪೂರ್ತಿ ಅದನ್ನು ನಮ್ಮ ಕಾರಿಗೆ ಕೂರಿಸುವುದರಲ್ಲೇ ಕಳೆದರು. ನನ್ನ ಮಂಡಿ ನೋವಿಗೆ ಬಸ್ಸು ಹತ್ತಲು ಆಗುವುದಿಲ್ಲ. "ನಿನ್ನನ್ನ ಮಹಾರಾಣಿ ಥರ ಸುತ್ತಿಸ್ತೀನಿ" ಅಂದರು.

ಮಹಾರಾಣಿಗೆ ಈಗ ಕಾರು ಹತ್ತಿದರೆ ತಲೆ ಸಿಡಿಯುತ್ತದೆ. ಸಂತೆಯ ಬೀದಿ ದಾಟುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. "ನನ್ನ ಕಾರು ಅಂದ್ರೆ ನಿನಗೆ ಅಸಡ್ಡೆ" ಅಂತ ಅವರಿಗೆ ಬೇಜಾರು. ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಒಳಗೆ ಕಡೆದ ಬೆಣ್ಣೆಯ ಹಾಗೆ ಹಳದಿ ನೊರೆ. ಎಣ್ಣೆ ಅಳೆಯುವ ಕಡ್ಡಿ ತಾನಾಗಿಯೇ ಎದ್ದು ಬರುತ್ತದೆ. ಒಳಗಿನ ನೀರಿನ ಸೀಲು ಹೋಗಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು ಅಂತ ಇವರ ಲೆಕ್ಕ. ಬಿಚ್ಚಿದರೂ ಸರಿಹೋಗದಿದ್ದರೆ ಕಾರನ್ನೇ ಗುಜರಿಗೆ ಹಾಕುತ್ತಾರಂತೆ. ಹಾಗೆ ಹೇಳಿ ಆ ಕಡೆ ತಿರುಗಿ ಕೂತರು. ನನಗೆ ಆ ಬೆನ್ನು ನೋಡಲಾಗಲಿಲ್ಲ.

ಒಂಬತ್ತು ವರ್ಷದ ಹಿಂದೆ, ನೀನು ನಮ್ಮ ವರ್ಕ್‌ಶಾಪಿನಲ್ಲೇ ಕೆಲಸಕ್ಕಿದ್ದಾಗ, ಗಿರಾಕಿಯ ಎದುರಿಗೆ ಇವರು "ಹೆಂಡತಿ ತಮ್ಮ ಅಂತ ಇಟ್ಕೊಂಡಿದ್ದೀನಿ" ಅಂದದ್ದು, ನೀನು ಮಾರನೇ ದಿನವೇ ಪೆಟ್ಟಿಗೆ ಎತ್ತಿಕೊಂಡು ಹೋದದ್ದು, ಯಾವುದನ್ನೂ ನಾನು ಮರೆತಿಲ್ಲ. ನೀನು ಮರೆ ಅಂತಲೂ ಹೇಳುವುದಿಲ್ಲ. ಆದರೆ ತಲೆನೋವು ನನ್ನದು.

ಇನ್ನೊಂದು ಮಾತು. ಬೇಕಾದಾಗ ಕೈಗೆ ಸಿಗದ ಸ್ಪ್ಯಾನರ್ ಅಂತ ನಿನಗೆ 'ಹತ್ತು ನಂಬರ್' ಎಂದು ಹೆಸರಿಟ್ಟಿದ್ದರಲ್ಲ. ಈಗಲೂ ಆ ಸ್ಪ್ಯಾನರ್ ಹುಡುಕುವಾಗ "ಎಲ್ಲೋದ್ನೋ ಅವನು" ಅನ್ನುತ್ತಾರೆ. "ಎಲ್ಲೋಯ್ತು ಅದು" ಅನ್ನುವುದಿಲ್ಲ.

ನಾನು ಬರೆದದ್ದು ಇವರಿಗೆ ಗೊತ್ತಿಲ್ಲ.

ನಿನ್ನ ಅಕ್ಕ


ಮಾರ್ಚ್ 13

ಅಕ್ಕ,

ನಿನ್ನ ಕಾಗದ ಬಂದಾಗ ನಾನೊಂದು ಮೀನುದೋಣಿಯ ಎಂಜಿನ್ ಕೆಳಗೆ ಅಂಗಾತ ಮಲಗಿದ್ದೆ. ಗುಮಾಸ್ತ ಅದನ್ನು ನನ್ನ ಹೊಟ್ಟೆಯ ಮೇಲಿಟ್ಟು ಹೋದ. ಕೈ ತೊಳೆಯುವಷ್ಟು ತಾಳ್ಮೆ ಇರಲಿಲ್ಲ, ಅಲ್ಲೇ ಒಡೆದು ಓದಿದೆ, ಅದೇ ಕೈಯಲ್ಲಿ ಉತ್ತರಕ್ಕೂ ಕೂತೆ. ಈ ಹಾಳೆಯ ಮೇಲಿನ ಹೆಬ್ಬೆಟ್ಟಿನ ಗುರುತಿಗೆ ಅದೇ ಕಾರಣ.

ಮೇಸ್ತ್ರಿಯವರ ವಿಷಯ ಬೇಡ. ತಲೆನೋವಿನ ವಿಷಯಕ್ಕೆ ಬರೋಣ.

ಇವತ್ತಿನಿಂದ ಆ ಕಾರಿನಲ್ಲಿ ಕಿಟಕಿ ಮುಚ್ಚಿಕೊಂಡು ಯಾರೂ ಕೂರಕೂಡದು. ನೀನೂ ಕೂರಬೇಡ, ಅವರೂ ಬೇಡ. ಎಂಜಿನ್ನಿನ ಹೊಗೆ ಒಳಗೆ ನುಗ್ಗುತ್ತಿದ್ದರೆ ಅದು ತಲೆನೋವಿಗೆ ನಿಲ್ಲುವುದಿಲ್ಲ. ಜೊಂಪು ಹತ್ತುತ್ತದೆ, ಹತ್ತಿದವರು ಏಳುವುದಿಲ್ಲ. ಇದರಲ್ಲಿ ತಮಾಷೆ ಇಲ್ಲ.

ಇನ್ನು ರೋಗ. ಯಾವ ಎಂಜಿನ್ನೇ ಆಗಲಿ, ಉರಿದ ಅನಿಲ ಸ್ವಲ್ಪ ಸೀಲುಗಳ ಸಂದಿನಿಂದ ನುಸುಳಿ ಹೊಟ್ಟೆಗೆ ಇಳಿಯುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ಆ ಹೊಟ್ಟೆಗೆ ಕ್ರ್ಯಾಂಕ್‌ಕೇಸ್ ಅನ್ನುತ್ತೇವೆ. ರೋಟರಿಯಲ್ಲಿ ಮಧ್ಯದ ಶಾಫ್ಟಿನ ಸುತ್ತ, ಕೆಳಗೆ ಎಣ್ಣೆ ನಿಲ್ಲುವ ತಟ್ಟೆಯವರೆಗೆ ಅಂಥದ್ದೇ ಒಂದು ಪೊಳ್ಳು ಇದೆ. ನಮಗೆ ತೇಗು ಬರುವ ಹಾಗೆ ಆ ಗಾಳಿ ಹೊರಗೆ ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ, ಸಿಕ್ಕ ಸಂದಿನಲ್ಲಿ ನುಗ್ಗುತ್ತದೆ. ನಿಮ್ಮ ಕಾರಿಗೆ ಗ್ಯಾಸ್ ಟ್ರಬಲ್ ಅಂತ ನನ್ನ ಅನುಮಾನ. ಆದರೆ ಅನುಮಾನದ ಮೇಲೆ ಔಷಧಿ ಕೊಡಬಾರದು. ಇಷ್ಟು ತಿಳಿಸು.

ಮುಚ್ಚಳದ ಕೆಳಗಿನ ನೊರೆಯ ವಾಸನೆ ಹೇಗಿದೆ? ಸಿಹಿ ಸಿಹಿಯಾಗಿದ್ದರೆ ರೇಡಿಯೇಟರ್ ನೀರು ಸೇರಿದೆ, ಅವರ ಲೆಕ್ಕ ಸರಿ. ಪೆಟ್ರೋಲಿನ ಹಾಗಿದ್ದರೆ ನನ್ನ ಲೆಕ್ಕ. ಎಣ್ಣೆ ಹಾಕುವ ಕತ್ತಿನ ಪಕ್ಕ ಎರಡು ಸಣ್ಣ ಮೂತಿಗಳಿರಬೇಕು. ಅವುಗಳಿಗೆ ಹಾಕಿದ ಪೈಪುಗಳು ಎಲ್ಲಿಗೆ ಹೋಗುತ್ತವೆ? ರೇಡಿಯೇಟರ್ ನೀರು ಕಮ್ಮಿಯಾಗುತ್ತಿದೆಯೇ?

ಸ್ಪ್ಯಾನರಿನ ವಿಷಯ ಓದಿದೆ.

ನಿನ್ನ ತಮ್ಮ


ಮಾರ್ಚ್ 24

ತಮ್ಮಾ,

ಕಳ್ಳತನ ಸಿಕ್ಕಿಬಿತ್ತು! ನಿನ್ನ ಕಾಗದವನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೆ. ಇವರು ಎಂದೂ ಇಲ್ಲದವರು ಅವತ್ತೇ ಕತ್ತರಿ ಹುಡುಕಬೇಕೇ! ನಿಂತ ಕಾಲಲ್ಲೇ ಪೂರ್ತಿ ಓದಿದರು.

"ಅವನು ದೋಣಿ ರಿಪೇರಿಯವನು. ರೋಟರಿ ಅಂದ್ರೆ ಏನು ಅಂತ ಅವನಿಗೇನು ಗೊತ್ತು?" ಅಂತ ಹೇಳಿ ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತರು.

"ಮೇಸ್ತ್ರಿ ಅಂತ ಬರ್ದಿರೋದು ನನಗೇ ತಾನೆ?"

"ಇನ್ಯಾರಿಗೆ?"

"ಹೂಂ. ಬರ್ಕೋ, ಉತ್ತರ ಹೇಳ್ತೀನಿ."

ಆ ಎರಡು ಮೂತಿಗಳಲ್ಲಿ ಒಂದು ಕೆಲಸಕ್ಕೆ ಬಾರದ್ದು ಅಂತ ರಬ್ಬರ್ ಟೋಪಿ ಹಾಕಿ ಮುಚ್ಚಿದ್ದಾರಂತೆ. ಇನ್ನೊಂದಕ್ಕೆ ತೆಳ್ಳನೆಯ ಪೈಪು ಸಿಕ್ಕಿಸಿ ಕಾರಿನ ತಳಕ್ಕೆ ಇಳಿಬಿಟ್ಟಿದ್ದಾರಂತೆ. ಇಷ್ಟು ಸರಾಗವಾಗಿ ಆಯಿತು. ವಾಸನೆಯ ಪ್ರಶ್ನೆ ಬಂದಾಗ ಮುಚ್ಚಳವನ್ನು ಮೂಗಿಗೆ ಹಿಡಿದು, "ಸಿಹಿ ಅಂತ ಬರಿ" ಅಂದರು. ನನಗೆ ತಡೆಯಲಾಗಲಿಲ್ಲ, ಕಿತ್ತುಕೊಂಡು ನಾನೂ ಮೂಸಿದೆ.

"ಇದೆಲ್ಲಿ ಸಿಹಿ ರೀ? ಪೆಟ್ರೋಲಲ್ಲಿ ಅದ್ದಿದ ಚಿಂದಿ ವಾಸನೆ!"

"ಸಿಹಿನೇ. ನಿನಗೇನು ಗೊತ್ತಾಗುತ್ತೆ ಎಂಜಿನ್ ವಾಸನೆ?"

ಮದುವೆಯಾದಾಗಿನಿಂದ ನಾವು ಜಗಳವಾಡದ ವಿಷಯವಿಲ್ಲ. ವಾಸನೆಗೂ ಜಗಳ ಅಂತ ಇದೇ ಮೊದಲು. ಎರಡನ್ನೂ ಬರೆದಿದ್ದೇನೆ, ನೀನೇ ತೀರ್ಪು ಕೊಡು.

ಇತ್ತೀಚೆಗೆ ಇವರಿಗೆ ಮರೆವು ಬೇರೆ. ಹೋದ ವಾರ ಹಾಲು ಉಕ್ಕಿ, ತಳ ಹತ್ತಿ, ಕರಕಲಾಗಿ, ವಾಸನೆ ಪಕ್ಕದ ಮನೆಯವರೆಗೂ ಹೋಗಿದೆ. ಒಲೆಯ ಮಗ್ಗುಲಲ್ಲೇ ಕುರ್ಚಿ ಹಾಕಿಕೊಂಡು ಒಲೆಗೆ ಬೆನ್ನು ಮಾಡಿ ಪೇಪರ್ ಓದುತ್ತಾ ಕೂತಿದ್ದಾರೆ ಪುಣ್ಯಾತ್ಮರು. ಆದರೆ ಒಂದು ಒಳ್ಳೆಯದಾಗಿದೆ. ಮುಂಚೆ ಅಡಿಗೆಗೆ ಕೊಂಕು ತೆಗೆಯದೆ ತುತ್ತು ಇಳಿಯುತ್ತಿರಲಿಲ್ಲ. ಈಗ ಏನು ಮಾಡಿದರೂ "ಘಮಘಮ ಅಂತಿದೆ" ಅನ್ನುತ್ತಾರೆ. ವಯಸ್ಸಾದ ಮೇಲೆ ಗಂಡಸರು ಒಳ್ಳೆಯವರಾಗುತ್ತಾರೆ ಅಂತ ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ.

ನಿನ್ನ ಅಕ್ಕ

(ಕೆಳಗೆ, ಬೇರೆ ಕೈಬರಹದಲ್ಲಿ) ರೇಡಿಯೇಟರ್ ನೀರು ನೋಡಿರಲಿಲ್ಲ. ನೋಡುತ್ತೇನೆ. ಕಿಟಕಿ ತೆರೆದೇ ಓಡಿಸುತ್ತಿದ್ದೇನೆ.


ಏಪ್ರಿಲ್ 2
(ವರ್ಕ್‌ಶಾಪಿನ ವಿಳಾಸಕ್ಕೆ)

ಭಾವ,

ಅಕ್ಕನಿಗೆ ಬೇರೆ ಕಾಗದ ಹಾಕಿದ್ದೇನೆ, ಅದರಲ್ಲಿ ಬರೀ ಹರಟೆ. ಇದು ನಿಮಗೆ.

ಮೇಸ್ತ್ರಿ ಅಂತ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲಸದಲ್ಲಿ ನೀವು ಮೇಸ್ತ್ರಿಯೇ. ಹಳೇ ಕಾರಿನ ಹೊಟ್ಟೆಯಲ್ಲಿ ರೋಟರಿ ಕೂರಿಸಿ, ಗೇರ್‌ಬಾಕ್ಸಿಗೆ ಹೊಂದಿಸಿ, ಓಡುವ ಹಾಗೆ ಮಾಡುವುದು ಹುಡುಗಾಟವಲ್ಲ. ಕಾಗದ ಓದಿ ಹೊಟ್ಟೆಕಿಚ್ಚಾಯಿತು.

ಎಂಜಿನ್ ಬಿಚ್ಚಬೇಡಿ. ವಾಸನೆಯ ವಿಷಯ ಬಿಟ್ಟುಬಿಡಿ, ಅದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕಣ್ಣಿಗೆ ಕಾಣುವ ಪರೀಕ್ಷೆಗಳನ್ನೇ ಮಾಡೋಣ. ರೇಡಿಯೇಟರಿನ ಪಕ್ಕದ ಡಬ್ಬಿಯ ಮೇಲೆ ನೀರಿನ ಮಟ್ಟಕ್ಕೆ ಬಣ್ಣದ ಗೆರೆ ಎಳೆಯಿರಿ. ಒಂದು ವಾರ ಓಡಿಸಿ. ಎಂಜಿನ್ ತಣ್ಣಗಿದ್ದಾಗ ನೀರು ಗೆರೆಯಲ್ಲೇ ನಿಂತಿದ್ದರೆ ಸೀಲು ಗಟ್ಟಿಯಾಗಿದೆ. ಆ ಎಣ್ಣೆ ಕತ್ತು ಉದ್ದ, ಎಂಜಿನ್ನಿನಿಂದ ದೂರ, ತಣ್ಣಗಿರುತ್ತದೆ. ಬಿಸಿ ಆವಿ ಹೊರಗೆ ಹೋಗಲು ದಾರಿ ಕಾಣದೆ ಅಲ್ಲೇ ನೀರಾಗಿ ಎಣ್ಣೆಯ ಜೊತೆ ಕಡೆದುಕೊಂಡರೆ ಬೆಣ್ಣೆ ಬರುತ್ತದೆ. ಅದರಿಂದ ಯಾವ ಎಂಜಿನ್ನೂ ಸತ್ತಿಲ್ಲ.

ಆಮೇಲೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ ಮುಚ್ಚಳ ತೆಗೆದು ಆ ಕತ್ತಿಗೆ ತೆಳ್ಳನೆಯ ಕೈಗವಸು ಕಟ್ಟಿ. ಉಬ್ಬಿದರೆ ಹೊಟ್ಟೆಯಲ್ಲಿ ಒತ್ತಡವಿದೆ. ತಳಕ್ಕೆ ಬಿಟ್ಟ ಪೈಪನ್ನೂ ಕಿತ್ತು ನೋಡಿ, ಎಲ್ಲಾದರೂ ಜೋತುಬಿದ್ದು ನೀರು ನಿಂತಿರಬಹುದು. ಕಾರಿನ ತಳದಲ್ಲಿ ತೂತು ಉಳಿದಿದೆಯೇ ಅಂತಲೂ ನೋಡಿ. ಹೊಗೆ ಯಾವುದೋ ದಾರಿಯಲ್ಲಿ ಒಳಗೆ ಬರುತ್ತಿದೆ.

ನಮ್ಮ ಕಟ್ಟೆಯಲ್ಲಿ ದೋಣಿಗೆ ಬಣ್ಣ ಹೊಡೆಯುವವನೊಬ್ಬನಿದ್ದಾನೆ. ಹಿಂದೊಮ್ಮೆ ಜ್ವರ ಬಂದು ಹೋದ ಮೇಲೆ ಅವನಿಗೆ ವಾಸನೆಯೇ ತಿಳಿಯದ ಹಾಗಾಯಿತು. ಕೆಲಸ ಹೋದೀತು ಅಂತ ಯಾರಿಗೂ ಹೇಳಲಿಲ್ಲ. ಒಂದು ದಿನ ತೆರೆದಿಟ್ಟ ಥಿನ್ನರ್ ಡಬ್ಬಿಯ ಪಕ್ಕದಲ್ಲೇ ಬೆಂಕಿಕಡ್ಡಿ ಗೀರಿ ಹುಬ್ಬು ಸುಟ್ಟುಕೊಂಡ. ಸುಮ್ಮನೆ ನೆನಪಾಯಿತು, ಬರೆದೆ.

ನಿಮ್ಮ ಮೈದುನ


ಏಪ್ರಿಲ್ 14

ಹತ್ತು ನಂಬರ್‌ಗೆ,

ನೀರು ಗೆರೆಯಲ್ಲೇ ನಿಂತಿದೆ. ಸೀಲು ಸರಿಯಿದೆ. ಎಂಜಿನ್ ಬಿಚ್ಚಲಿಲ್ಲ.

ಕೈಗವಸಿಗೆ ಎಲ್ಲಿಗೆ ಹೋಗಲಿ? ನನ್ನ ತಲೆಗೆ ಬಣ್ಣ ಹಚ್ಚುವ ಪ್ಯಾಕೆಟ್ಟಿನಲ್ಲಿ ಬರುತ್ತದಲ್ಲ, ಅದನ್ನೇ ಕಟ್ಟಿದೆ. ಎಂಜಿನ್ ಶುರುಮಾಡಿದ್ದೇ ತಡ, ಐದು ಬೆರಳೂ ಎದ್ದು ನಿಂತವು. ನಿನ್ನ ಅಕ್ಕ "ರೀ, ನಿಮಗೆ ಟಾಟಾ ಮಾಡ್ತಿದೆ!" ಅಂತ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಪೈಪು ಜೋತುಬಿದ್ದದ್ದು ನಿಜ. ಕಿತ್ತು ಬಗ್ಗಿಸಿದರೆ ಕಾಫಿ ಬಣ್ಣದ ನೀರು ಸುರಿಯಿತು. ದಾರಿ ಪೂರ್ತಿ ಕಟ್ಟಿಕೊಂಡಿತ್ತು. ಹಳೇ ಗೇರ್ ಕಡ್ಡಿ ಇದ್ದ ಕಡೆ ನೆಲಹಾಸಿನ ಕೆಳಗೆ ಅಂಗೈಯಗಲ ತೂತು. ಚಾಪೆ ಮುಚ್ಚಿದೆಯಲ್ಲ ಅಂತ ಬಿಟ್ಟಿದ್ದೆ. ಪೈಪಿನ ಬಾಯಿ ಆ ತೂತಿನ ನೇರ ಕೆಳಗೇ ಇತ್ತು. ಕಟ್ಟಿಕೊಂಡ ಪೈಪಿನಿಂದ ಆಗಾಗ ಉಗಿದದ್ದೆಲ್ಲ ನಿನ್ನ ಅಕ್ಕನ ಕಾಲಬುಡಕ್ಕೇ ಬಂದಿದೆ. ಇಷ್ಟು ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ್ದೇನೆ. ಈಗ ತಗಡು ಕೊಯ್ದು ಸುತ್ತಲೂ ಸೀಲೆಂಟ್ ಮೆತ್ತಿ ಮುಚ್ಚಿದ್ದೇನೆ.

ಮುಂದೇನು ಮಾಡಬೇಕು, ಬರೆ.

ಆ ಪೇಂಟರಿಗೆ ಈಗ ಹೇಗಿದೆ? ಹೆಂಡತಿಗೆ ಹೇಳಿದ್ದಾನಾ?

ಭಾವ


ಏಪ್ರಿಲ್ 23

ಭಾವ,

ಹೇಳಿದ. ಅವಳು ಒಂದು ದಿನ ಮಾತು ಬಿಟ್ಟಳಂತೆ. ವಾಸನೆ ಹೋದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಮಾರನೇ ದಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಈಗ ಕಾಫಿಯ ವಾಸನೆ ಅಲ್ಪಸ್ವಲ್ಪ ತಿಳಿಯುತ್ತದಂತೆ. ಕೆಲಸವೂ ಹೋಗಲಿಲ್ಲ. ಬೆಂಕಿಯ ಕೆಲಸಕ್ಕೆ ಮುಂಚೆ "ಡಬ್ಬಿ ಮುಚ್ಚಿದೆಯೇನ್ರೋ?" ಅಂತ ಪಕ್ಕದವರನ್ನು ಕೇಳುತ್ತಾನೆ. ಯಾರೂ ನಗುವುದಿಲ್ಲ.

ಈಗ ಕಾರು. ರಬ್ಬರ್ ಟೋಪಿ ಹಾಕಿ ಮುಚ್ಚಿದ ಮೂತಿ ಕೆಲಸಕ್ಕೆ ಬಾರದ್ದಲ್ಲ. ಉಸಿರಾಟಕ್ಕೆ ಎರಡು ದಾರಿ ಬೇಕು, ಒಂದರಿಂದ ಒಳಗೆ, ಒಂದರಿಂದ ಹೊರಗೆ. ಒಂದು ಮೂತಿಯಿಂದ ಏರ್ ಫಿಲ್ಟರಿನ ಡಬ್ಬಿಗೆ ಪೈಪು ಕೊಡಿ, ಶುದ್ಧ ಗಾಳಿ ಬರಲಿ. ಇನ್ನೊಂದರಿಂದ ಎಂಜಿನ್ ಗಾಳಿ ಎಳೆಯುವ ಮ್ಯಾನಿಫೋಲ್ಡಿಗೆ ಕೊಡಿ, ಹೊಟ್ಟೆಯ ಗಾಳಿಯನ್ನು ಅದೇ ಹೀರಿ ಸುಡಲಿ. ಆ ಎರಡನೆಯ ದಾರಿಯ ನಡುವೆ ಒಂದೇ ಕಡೆಗೆ ಗಾಳಿ ಬಿಡುವ ವಾಲ್ವ್ ಇರಲೇಬೇಕು. ಪೈಪು ದಪ್ಪದ್ದಿರಲಿ, ಎಲ್ಲೂ ಜೋತುಬೀಳದಿರಲಿ. ಎಳೆತಕ್ಕೆ ಚಪ್ಪಟೆಯಾಗುವ ಮೆದು ಪೈಪು ಬೇಡ.

ನಿಮ್ಮ ಮೈದುನ


ಮೇ 11

ತಮ್ಮಾ,

ಮೊದಲು ಮನೆಯ ಸುದ್ದಿ, ಆಮೇಲೆ ಕಾರು.

ಭಾನುವಾರ ಮಧ್ಯಾಹ್ನ ಇವರು ಊಟಕ್ಕೆ ಬಂದು ಕೂತರು. ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆಯ ಕಡೆ ನೋಡಿ "ಆಹಾ, ಘಮಘಮ!" ಅಂದರು. ಅದರಲ್ಲಿ ಇದ್ದದ್ದು ಕುದಿಯುವ ನೀರು. ಬರೀ ನೀರು!

"ಏನು ಘಮಘಮ ರೀ?" ಅಂದೆ.

ಇವರ ಮುಖ ಸಣ್ಣದಾಯಿತು. ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು. "ಎರಡು ವರ್ಷ ಆಯ್ತು ಕಣೇ. ಆ ಶೀತ ಜ್ವರ ಬಂತಲ್ಲ, ಅವತ್ತಿಂದ. ಏನೂ ತಿಳಿಯೋಲ್ಲ. ಪೆಟ್ರೋಲೂ ಒಂದೇ, ಹೂವೂ ಒಂದೇ."

"ಮತ್ತೆ ದಿನಾ ಹೊಗಳ್ತಿದ್ರಲ್ಲ?"

"ನಿನ್ನ ಮುಖ ನೋಡಿ ಹೇಳ್ತಿದ್ದೆ. ಚೆನ್ನಾಗಿ ಬಂದಿದ್ರೆ ನಿನ್ನ ಹುಬ್ಬು ಮೇಲೆ ಹೋಗುತ್ತೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾಕೆ ಮುಚ್ಚಿಟ್ಟಿರಿ ಅಂದರೆ, "ಎಂಜಿನ್ನಿನ ಅರ್ಧ ರೋಗ ಮೂಗಿಗೇ ತಿಳಿಯೋದು. ಮೂಗಿಲ್ಲದ ಮೆಕ್ಯಾನಿಕ್ ಹತ್ರ ಯಾರು ಬರ್ತಾರೆ?" ಅಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ನೀನು ತಲೆನೋವು ಅಂದಾಗೆಲ್ಲ ನನಗೆ ಸಿಟ್ಟು ಬರ್ತಿತ್ತು. ಕಾರಲ್ಲಿ ಏನಿದೆ ಅಂತ ನಾನು ತಿಳ್ಕೊಳ್ಳೋಕೇ ಆಗ್ತಿರಲಿಲ್ಲವಲ್ಲ, ಅದಕ್ಕೆ."

ನಿನ್ನ ಎರಡು ಕಾಗದಗಳನ್ನೂ ತಂದು ತೋರಿಸಿದರು. ಪೇಂಟರನ ಹೆಂಡತಿಯ ಹಾಗೆ ನಾನೂ ಒಂದು ದಿನ ಮಾತು ಬಿಡೋಣ ಅಂದುಕೊಂಡೆ. ಸಂಜೆಯ ಕಾಫಿಯವರೆಗೂ ತಡೆಯಲಾಗಲಿಲ್ಲ. ಮಾರನೇ ದಿನ ಡಾಕ್ಟರ ಹತ್ತಿರ ಹೋದೆವು. ಪೂರ್ತಿ ಬರಬಹುದು, ಸ್ವಲ್ಪ ಬರಬಹುದು, ಬರದೆಯೂ ಇರಬಹುದು ಅಂದರು. ದಿನಾ ಲವಂಗ, ನಿಂಬೆ, ಕಾಫಿಪುಡಿ ಮೂಸಿ ಮೂಗಿಗೆ ಅಭ್ಯಾಸ ಮಾಡಿಸಬೇಕಂತೆ. ಬೆಳಿಗ್ಗೆ ಕಣ್ಣು ಮುಚ್ಚಿ ಕೂರುತ್ತಾರೆ, ನಾನು ಒಂದೊಂದೇ ಹಿಡಿಯುತ್ತೇನೆ. ಎಲ್ಲಕ್ಕೂ "ಲವಂಗ" ಅನ್ನುತ್ತಾರೆ. ಮೂರರಲ್ಲಿ ಒಂದಾದರೂ ಸರಿಹೋಗುತ್ತದಲ್ಲ ಅಂತ!

ನಿಜ ಹೇಳು, ಆ ಪೇಂಟರ್ ಇದ್ದಾನೋ, ಕತೆಗೆ ನೀನೇ ಬಣ್ಣ ಹೊಡೆದದ್ದೋ?

ಈಗ ಕಾರು. ನೀನು ಹೇಳಿದ ಹಾಗೆಯೇ ಪೈಪುಗಳನ್ನು ಕೂರಿಸಿದರು. ಎಂಜಿನ್ ಶುರುವಾದ ತಕ್ಷಣ ಎಣ್ಣೆ ಕಡ್ಡಿ ಬಾಣದ ಹಾಗೆ ಹಾರಿ ಬಾನೆಟ್ಟಿಗೆ ಟಣ್ ಅಂತ ಬಡಿಯಿತು. ಫಿಲ್ಟರ್ ಡಬ್ಬಿಯ ತುಂಬ ಎಣ್ಣೆ. "ನಿನ್ನ ತಮ್ಮನ ಪ್ಲಾನು!" ಅಂತ ನನ್ನ ಮುಖ ನೋಡುತ್ತಾರೆ, ಕಡ್ಡಿ ನಾನೇ ಎಸೆದ ಹಾಗೆ.

ನಿನ್ನ ಅಕ್ಕ


ಮೇ 20

ಅಕ್ಕ, ಭಾವ, ಇಬ್ಬರಿಗೂ,

ಪೇಂಟರ್ ಇದ್ದಾನೆ. ಹುಬ್ಬು ಮಾತ್ರ ಸುಟ್ಟಿರಲಿಲ್ಲ.

ಭಾವ, ವಾಲ್ವ್ ತಿರುಗುಮುರುಗಾಗಿದೆ. ಎಳೆಯುವ ದಾರಿಯನ್ನೇ ಅದು ಮುಚ್ಚಿಬಿಟ್ಟಿದೆ. ಹಾಗಾಗಿ ಗಾಳಿ ಫಿಲ್ಟರ್ ಡಬ್ಬಿಯ ಕಡೆಗೇ ನುಗ್ಗಿ ಎಣ್ಣೆಯನ್ನೂ ಹೊತ್ತುಕೊಂಡು ಹೋಗಿದೆ, ಉಳಿದದ್ದು ಕಡ್ಡಿಯನ್ನು ಎಬ್ಬಿಸಿದೆ. ವಾಲ್ವಿನ ಮೈಮೇಲಿನ ಬಾಣದ ಗುರುತು ಸವೆದಿದ್ದರೆ ನೋಡಿ ತಿಳಿಯುವುದಿಲ್ಲ, ಕಿತ್ತು ಒರೆಸಿ ಬಾಯಲ್ಲಿ ಊದಿ. ಎಂಜಿನ್ನಿನ ಹೊಟ್ಟೆಯ ಕಡೆಯಿಂದ ಊದಿದರೆ ಗಾಳಿ ದಾಟಬೇಕು, ಮ್ಯಾನಿಫೋಲ್ಡಿನ ಕಡೆಯಿಂದ ಊದಿದರೆ ದಾಟಬಾರದು.

ಅದು ಸರಿಹೋದ ಮೇಲೆ ಸೈಲೆನ್ಸರಿನಲ್ಲಿ ಸ್ವಲ್ಪ ನೀಲಿ ಹೊಗೆ ಕಾಣಬಹುದು. ಗಾಳಿಯ ಜೊತೆ ಎಣ್ಣೆಯ ತುಂತುರನ್ನೂ ಎಂಜಿನ್ ಕುಡಿಯುತ್ತದೆ. ಅದಕ್ಕೆ ಪೈಪಿನ ನಡುವೆ ಗಟ್ಟಿ ತಗಡಿನ ಡಬ್ಬಿ ಕೂರಿಸಿ. ಒಳಗೆ ಪಾತ್ರೆ ಉಜ್ಜುವ ಸ್ಟೀಲ್ ಸುರುಳಿಯನ್ನು ತುಂಬಿ, ಎಳೆ ಉದುರಿ ಮುಂದಕ್ಕೆ ಹೋಗದ ಹಾಗೆ ಎರಡು ಕಡೆಯೂ ಜಾಲರಿ ಬೆಸೆಯಿರಿ. ಎಣ್ಣೆ ಸುರುಳಿಗೆ ಅಂಟಿ ತಳಕ್ಕೆ ಇಳಿಯುತ್ತದೆ, ಗಾಳಿ ಮಾತ್ರ ಮುಂದೆ ಹೋಗುತ್ತದೆ. ಆಗಾಗ ಬಗ್ಗಿಸಿ ಖಾಲಿ ಮಾಡಿದರಾಯಿತು. ಸುರುಳಿ ಹೊಸದಿರಲಿ, ಅಕ್ಕನ ಸಿಂಕಿನಿಂದ ಕದಿಯಬೇಡಿ.

ಮೂಗಿನ ವಿಷಯ ಹೇಳಿದ್ದಕ್ಕೆ ಸಂತೋಷ, ಭಾವ.

ಹತ್ತು ನಂಬರ್


ಜೂನ್ 9

ತಮ್ಮಾ,

ಕದ್ದರು. ಸಿಂಕಿನಿಂದಲೇ ಕದ್ದರು. ಹೊಸದನ್ನು ತಂದು ನನಗೆ ಕೊಟ್ಟು, "ನಿನಗೆ ಹೊಸದಿರಲಿ ಅಂತ" ಅನ್ನುತ್ತಾರೆ!

ವಾಲ್ವ್ ತಿರುಗುಮುರುಗಾಗಿದ್ದದ್ದು ನಿಜ. ಇವರು ಊದಿದರು, ನಾನೂ ಊದಿದೆ, ಇಬ್ಬರ ತುಟಿಯೂ ಕಪ್ಪಾಯಿತು. ಸರಿಯಾಗಿ ಕೂರಿಸಿ ಕೈಗವಸು ಕಟ್ಟಿದೆವು. ಈ ಸಲ ಬೆರಳುಗಳು ಒಂದೊಂದಾಗಿ ಮಡಚಿಕೊಂಡು, ಹೊಸ ಮದುಮಗಳ ಹಾಗೆ ನಾಚಿಕೊಂಡು ಒಳಗೆ ಹೋದವು. ಇವರು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ತುಂಬ ಹೊತ್ತು ನಿಂತಿದ್ದರು. ನೀಲಿ ಹೊಗೆ ನೀನು ಹೇಳಿದಂತೆಯೇ ಬಂತು, ಡಬ್ಬಿ ಹಾಕಿದ ಮೇಲೆ ಹೋಯಿತು. ಮುಚ್ಚಳದ ಕೆಳಗಿನ ಬೆಣ್ಣೆಯೂ ಕರಗಿದೆ.

ಮೊನ್ನೆ ಬೇಕರಿಯವನು ವ್ಯಾನು ರಿಪೇರಿಗೆ ತಂದಿದ್ದ. ಡಬ್ಬಿ ನೋಡಿ ಇದೇನು ಅಂದ. ಇವರು ಹೇಳಿದರು, "ಅದು ನನ್ನ ಭಾವಮೈದುನನ ಡಿಸೈನು. ನನಗಿಂತ ಕೆಲಸ ಚೆನ್ನಾಗಿ ಗೊತ್ತಿರೋನು." ಗಿರಾಕಿಯ ಎದುರಿಗೆ ಹೇಳಿದರು ಕಣೋ, ನಾನು ಒಳಗಿನಿಂದ ಕೇಳಿಸಿಕೊಂಡೆ. ಹೀಗೆ ಅಂದರು ಅಂತ ನಿನಗೆ ಬರೆಯಬೇಡ ಅಂದಿದ್ದಾರೆ. ಅದಕ್ಕೇ ಬರೆದೆ.

ಇನ್ನೊಂದು ಸುದ್ದಿ. ನನಗೆ ನೌಕರಿ ಸಿಕ್ಕಿದೆ. ಶೆಡ್ಡಿನಲ್ಲಿ ನನಗೊಂದು ಕುರ್ಚಿ ಹಾಕಿದ್ದಾರೆ. ಯಾವ ಗಾಡಿ ಬಂದರೂ ಬಾನೆಟ್ ಎತ್ತಿ, "ಸ್ವಲ್ಪ ಬಾರೇ, ಮೂಸು" ಅನ್ನುತ್ತಾರೆ. ಕ್ಲಚ್ ಸುಟ್ಟದ್ದು, ಬ್ರೇಕ್ ಹಿಡಿದದ್ದು, ವೈರ್ ಕರಗಿದ್ದು, ಎಲ್ಲ ಈಗ ದೂರದಿಂದಲೇ ಹೇಳುತ್ತೇನೆ. ಬೇಕರಿಯವನ ವ್ಯಾನಿನಲ್ಲಿ ಸುಟ್ಟ ವಾಸನೆ ಹಿಡಿದುಬಿಟ್ಟೆ. ಅದು ಹಿಂದಿನ ಸೀಟಿನ ಬ್ರೆಡ್ಡಿನದು ಅಂತ ಆಮೇಲೆ ತಿಳಿಯಿತು, ಇರಲಿ ಬಿಡು. ಯಾರಾದರೂ ಕೇಳಿದರೆ ಇವರು ಮುಚ್ಚಿಡುವುದಿಲ್ಲ. "ನನ್ನ ಮೂಗು ಹೋಗಿದೆ ಸ್ವಾಮಿ, ಇವಳೇ ನಮ್ಮ ಮೂಗು" ಅನ್ನುತ್ತಾರೆ. ಒಬ್ಬ ಗಿರಾಕಿಯೂ ಕಮ್ಮಿಯಾಗಿಲ್ಲ.

ನಿನ್ನ ಊರಿನ ದಾರಿಯ ನಕ್ಷೆಯನ್ನು ಇವರು ಊಟದ ಮೇಜಿನ ಮೇಲೆ ಹರಡಿ ಕೂತಿದ್ದಾರೆ. ಯಾಕೆ ಅಂತ ಕೇಳಿದರೆ ಪೆನ್ಸಿಲ್ ಕೊಡು ಅನ್ನುತ್ತಾರೆ.

ನಿನ್ನ ಅಕ್ಕ


ಜುಲೈ 2
ದಡದ ಮೇಲಿನ ವಸತಿಗೃಹದಿಂದ

ಹತ್ತು ನಂಬರ್‌ಗೆ,

ಕಾರು ದಾಟಿಸುವ ದೊಡ್ಡ ದೋಣಿ ನಾಳೆ ಬೆಳಿಗ್ಗೆ ಹೊರಡುತ್ತದಂತೆ. ಈ ಕಾಗದ ನಿನ್ನ ಕೈಗೆ ಬರುವ ಮೊದಲೇ ನಾವು ಬಂದಿರುತ್ತೇವೆ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳುವುದು ನನ್ನ ಕೈಲಾಗದ ಕೆಲಸ, ನಿನಗೆ ಗೊತ್ತು.

ಇವತ್ತು ದಾರಿಯುದ್ದಕ್ಕೂ ಎಂಜಿನ್ ಹೊಲಿಗೆ ಮಿಷನ್ನಿನ ಹಾಗೆ ಓಡಿತು. ಏರಿನಲ್ಲೂ ಉಸಿರು ಕಟ್ಟಲಿಲ್ಲ. ಎರಡು ಕಡೆ ನಿಲ್ಲಿಸಿ ಕಡ್ಡಿ ನೋಡಿದೆ, ತನ್ನ ಜಾಗದಲ್ಲಿ ಕೂತಿತ್ತು. ನಿನ್ನ ಅಕ್ಕ ಬೆಳಿಗ್ಗೆಯಿಂದ ಬಾಯಿ ಮುಚ್ಚಿರಲಿಲ್ಲ. ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ, ಎದುರಿನ ಡ್ರೈವರುಗಳನ್ನು ಬೈಯುತ್ತಾ ಇದ್ದಳು. ಮಧ್ಯಾಹ್ನ ಧೂಳು ಜಾಸ್ತಿಯಾಯಿತು. "ರೀ, ಕಿಟಕಿ ಮುಚ್ಚೋಣ, ನನಗೇನೂ ವಾಸನೆ ಬರ್ತಿಲ್ಲ" ಅಂದಳು. ಮುಚ್ಚಿದೆವು. ನೀನು ಬೇಡ ಅಂದ ಮೇಲೆ ಇದೇ ಮೊದಲ ಸಲ.

ಸ್ವಲ್ಪ ದೂರ ಹೋದ ಮೇಲೆ ನೋಡುತ್ತೇನೆ, ಮಾತು ನಿಂತಿದೆ. ಅವಳ ತಲೆ ಒಂದು ಕಡೆಗೆ ವಾಲಿದೆ.

ಜೊಂಪು ಹತ್ತುತ್ತದೆ, ಹತ್ತಿದವರು ಏಳುವುದಿಲ್ಲ ಅಂತ ಬರೆದಿದ್ದೆಯಲ್ಲ. ಕಾರಿನೊಳಗೆ ಏನಿದೆ ಅಂತ ನನ್ನ ಮೂಗಿಗೆ ತಿಳಿಯದು, ತಿಳಿಯುವವಳು ಹೀಗೆ ಬಿದ್ದಿದ್ದಾಳೆ. ಹೇಗೆ ಬ್ರೇಕ್ ಹಾಕಿದೆನೋ, ಹೇಗೆ ಆ ಕಡೆ ಓಡಿದೆನೋ ನೆನಪಿಲ್ಲ. ಬಾಗಿಲು ತೆಗೆದು ಎರಡು ಭುಜವನ್ನೂ ಹಿಡಿದು ಅಲ್ಲಾಡಿಸಿದೆ. ಜೋರಾಗಿ ಕೂಗಿದೆನಂತೆ.

ಅವಳು ಕಣ್ಣು ಬಿಟ್ಟು, "ಏನ್ರೀ ನಿಮ್ಮ ಕಾಟ! ಎಷ್ಟೋ ತಿಂಗಳ ಮೇಲೆ ಈ ಕಾರಲ್ಲಿ ತಲೆ ನೋಯದೆ ಒಂದು ಸುಖವಾದ ನಿದ್ದೆ ಬಂದಿತ್ತು. ಅದಕ್ಕೂ ಕಲ್ಲು ಹಾಕಿದ್ರಾ?" ಅಂತ ಶುರುಮಾಡಿದಳು. ನಾನು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳು ಬೈಯುತ್ತಲೇ ಇದ್ದಳು. ಆಮೇಲೆ ನನ್ನ ಮುಖ ನೋಡಿದಳು, ಇಳಿದು ಬಂದು ಪಕ್ಕದಲ್ಲಿ ಕೂತಳು. "ನಾನಿದ್ದೀನಿ ರೀ" ಅಂದಳು. ಲಾರಿಗಳು ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವು. ಇಬ್ಬರಿಗೂ ನಗು ಬಂತು. ನಿಲ್ಲಿಸಲು ಆಗಲೇ ಇಲ್ಲ.

ಈಗ ಅವಳು ಕಿಟಕಿಯ ಹತ್ತಿರ ನಿಂತು ಸಮುದ್ರ ನೋಡುತ್ತಿದ್ದಾಳೆ. ಉಪ್ಪಿನ ವಾಸನೆ ಬರುತ್ತಿದೆ ಅನ್ನುತ್ತಾಳೆ. ನನಗೆ ಬರುವುದಿಲ್ಲ, ಅವಳು ಹೇಳಿದಳಲ್ಲ, ಸಾಕು.

ನಾಳೆ ನಿನ್ನ ಎದುರಿಗೆ ಬಂದಾಗ ನಾನು ಎಂಜಿನ್ನಿನ ಮಾತೇ ಆಡುತ್ತೇನೆ. ವಾಲ್ವ್, ಪೈಪು, ಡಬ್ಬಿ ಅಂತ ಕೊರೆಯುತ್ತೇನೆ. ನಾನು ಬೇರೆ ಏನನ್ನೋ ಹೇಳುತ್ತಿದ್ದೇನೆ ಅಂತ ನೀನು ತಿಳಿದುಕೋ.

ನಿನ್ನ ಭಾವ